ಶಿಮ್ಲಾದಲ್ಲಿ 'ಪೈನ್ ವ್ಯೂ' ರೂಮಿಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಬೆಂಗಳೂರಿಂದ ಶಿಮ್ಲಾಗೆ ಹೊರಟಿರೋರು ದಯವಿಟ್ಟು 'ಪೈನ್ ವ್ಯೂ' ಅನ್ನೋ ರೂಮಿಗೆ ಎಕ್ಸ್‌ಟ್ರಾ ಕೊಡ್ಬೇಡಿ. ನಮ್ಮತ್ರ ರಾತ್ರಿಗೆ 1,500 ರೂಪಾಯಿ ಜಾಸ್ತಿ ಇಸ್ಕೊಂಡ್ರು, ಬೆಳಿಗ್ಗೆ ಕಿಟಕಿ ತೆಗೆದ್ರೆ ಪಕ್ಕದ ಬಿಲ್ಡಿಂಗಿನ ನೀರಿನ ಟ್ಯಾಂಕು, ಅದರ ಸಂದೀಲಿ ನಾಲ್ಕು ದೇವದಾರು. ಕೇಳಿದ್ರೆ ಪೈನು, ದೇವದಾರು ಎಲ್ಲಾ ಒಂದೇ ಅಂತಾರೆ. ಖಂಡಿತ ಒಂದೇ ಅಲ್ಲ.

ದೇವದಾರು ಎಲೆ ಗಿಡ್ಡ, ಕೊಂಬೆ ಮೇಲಿನ ಒಂದೊಂದು ಗುಬಟಿಂದ 20-30 ಒಟ್ಟಿಗೆ ಹೊರಟಿರತ್ತೆ, ಕಾಯಿ ಮರದ ಮೇಲೇ ಬಿಚ್ಚಿ ಉದುರಿಹೋಗತ್ತೆ. ಪೈನ್ ಆದ್ರೆ ಇಡೀ ಕಾಯಿ ನೆಲದಲ್ಲೇ ಸಿಗತ್ತೆ. ಪಕ್ಕದಲ್ಲಿ ಬಿದ್ದಿರೋ ಎಲೆ ಕಟ್ಟೊಂದನ್ನ ಎತ್ಕೊಂಡು ನೋಡಿ, ಬುಡದಲ್ಲಿ ತೆಳ್ಳನೆ ಪೊರೆ ಸುತ್ತಿದ್ದು ಅದರೊಳಗಿಂದ 3 ಉದ್ದನೆ ಎಲೆ ಬಂದಿದ್ರೆ ಚಿರ್ ಪೈನ್, ಅಲ್ಲಿನವರ ಚೀಡ್. 5 ಇದ್ದು ಜೋತುಬಿದ್ದಿದ್ರೆ, ಕಾಯಿ ಉದ್ದಕ್ಕೆ ಸಣ್ಣಗಿದ್ರೆ ಕೈಲ್ ಅನ್ನೋ ಇನ್ನೊಂದು ಪೈನ್. ಚಿರ್ ಕಾಯಿ ದಪ್ಪ, ಮರದಷ್ಟೇ ಗಟ್ಟಿ, ತೊಗಟೆ ಕೆಂಪುಕಂದು, ಆಳವಾಗಿ ಸೀಳಿರತ್ತೆ.

ಲಾಲ್‌ಬಾಗಲ್ಲಿ ನಾವು ಕ್ರಿಸ್‌ಮಸ್ ಟ್ರೀ ಅನ್ನೋದು ಅರಾಕೇರಿಯಾ, ಪೈನ್ ಅಲ್ಲ. ಸರ್ವೆ ಮರವೂ ಅಲ್ಲ, ಅದರ ಕಡ್ಡಿ ಎಳೆದ್ರೆ ಗೆಣ್ಣುಗೆಣ್ಣಲ್ಲಿ ಕಳಚ್ಕೊಳತ್ತೆ. ಊಟಿ, ಕೊಡೈಕೆನಾಲ್‌ದೆಲ್ಲ ಹೊರಗಿಂದ ತಂದು ನೆಟ್ಟಿದ್ದು, ದಕ್ಷಿಣದ ಕಾಡಲ್ಲಿ ತಾನಾಗೇ ಬೆಳೆಯೋ ಪೈನ್ ಇಲ್ವೇ ಇಲ್ಲ, ಅದಕ್ಕೇ ಅಷ್ಟು ದೂರ ಹೋಗೋದು ಸಾರ್ಥಕ.

ಆದ್ರೆ ಚಿರ್ ನೋಡೋಕೆ ಶಿಮ್ಲಾ ಟೌನೇ ಬೇಡ, ಆ ಮಾಲ್ ರೋಡ್ ಜನಜಂಗುಳಿ ನನಗಂತೂ ಆಗಲ್ಲ. 1903ರಲ್ಲಿ ಶುರುವಾದ 96 ಕಿಲೋಮೀಟರಿನ ಕಾಲ್ಕಾ-ಶಿಮ್ಲಾ ರೈಲಲ್ಲಿ ಹೋಗ್ತಾ ಬರೋಗ್‌ನಲ್ಲಿ ಇಳಿದುಬಿಡಿ, ಸುತ್ತ ಚಿರ್ ಕಾಡು. ಒಣಗಿದ ಎಲೆ ಮೇಲೆ ಕಾಲು ಸರ್ರಂತ ಜಾರತ್ತೆ, ಗ್ರಿಪ್ ಇರೋ ಶೂ ಹಾಕಿ. ಮೇ-ಜೂನಲ್ಲಿ ಅದೇ ಎಲೆಗೆ ಬೆಂಕಿ ಹತ್ತಿ ಬೆಟ್ಟ ತುಂಬ ಹೊಗೆ ಇರತ್ತೆ, ಮಾರ್ಚ್ ಅಥವಾ ಅಕ್ಟೋಬರ್ ಒಳ್ಳೇದು.

ಊಟಕ್ಕೆ ಹತ್ತಿರದ ಸೋಲನ್ ಊರಿಗೆ ಹೋಗಿ. ಬಸ್ ಸ್ಟ್ಯಾಂಡ್ ಹತ್ರ ಬೋರ್ಡೂ ಇಲ್ಲದ ಒಂದು ಪುಟ್ಟ ಢಾಬಾ, ಗಂಡ ಹೆಂಡತಿ ಇಬ್ಬರೇ ನಡೆಸ್ತಾರೆ. ಅಲ್ಲಿ ಸಿಡ್ಡು ತಿನ್ನಲೇಬೇಕು, ನಮ್ಮ ಕಡುಬಿನ ಥರ ಹಬೇಲಿ ಬೇಯಿಸಿದ್ದು, ಗೋಧಿ ಹಿಟ್ಟಿನ ಒಳಗೆ ಉದ್ದಿನಬೇಳೆ ಹೂರಣ, ಮೇಲೆ ಕೇಳದೇ ಎರಡು ಸಲ ತುಪ್ಪ ಸುರಿದ್ರು, ಜೊತೆಗೆ ಪುದೀನ ಚಟ್ನಿ. ರಾಜ್ಮಾ ಅನ್ನ ಮತ್ತೆ ಮತ್ತೆ ಬಡಿಸಿದ್ರು, ಇಬ್ಬರ ಬಿಲ್ 200 ದಾಟಲಿಲ್ಲ.

ಕಾಡಲ್ಲಿ ಕೆಲವು ಚಿರ್ ಮರದ ಕಾಂಡಕ್ಕೆ ಗೀರು ಹಾಕಿ ಬಟ್ಟಲು ಕಟ್ಟಿರ್ತಾರೆ, ರಾಳ ತೆಗೆಯೋಕೆ, ಅದನ್ನ ಮುಟ್ಬೇಡಿ. ಕೈಗೆ ಅಂಟಿದ್ರೆ ಸೋಪಿಗೆ ಹೋಗಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ.