ಮಗ್ಗಿ ಬಾರದ ಯಂತ್ರ
ಟಿಐಎಸ್-100 ಅನ್ನೋ, ಕೋಡ್ ಬರೆದು ಬಿಡಿಸುವ ಕಂಪ್ಯೂಟರ್ ಪಜಲ್ ಗೇಮ್ ಹಿಡಿದು ಕೂತಿದ್ದೇನೆ. ಬಂದಿದ್ದು 2015ರಲ್ಲಿ, ನೋಡೋಕೆ ಮಾತ್ರ ಎಂಬತ್ತರ ದಶಕದ ಕಪ್ಪು ಪರದೆ. ಒಳಗೆ 12 ಪುಟ್ಟ ಪೆಟ್ಟಿಗೆಗಳು, ಒಂದೊಂದಕ್ಕೂ ಹೆಚ್ಚೆಂದರೆ 15 ಸಾಲು ಕೋಡ್. ಕೂಡೋದು, ಕಳೆಯೋದು ಬರುತ್ತದೆ, ಗುಣಾಕಾರ ಇಲ್ಲ! ಏಳು ಮೂರ್ಲ ಇಪ್ಪತ್ತೊಂದು ಬೇಕಾದರೆ ಏಳನ್ನು ಮೂರು ಸಲ ಕೂಡಿಸಿ ಅಂತ ನಾವೇ ಬರೆಯಬೇಕು.

ಒಂದು ಪೆಟ್ಟಿಗೆ ಪಕ್ಕದ್ದಕ್ಕೆ ಸಂಖ್ಯೆ ಕೊಟ್ಟರೆ, ಅದು ತೆಗೆದುಕೊಳ್ಳುವವರೆಗೂ ಇದು ಕಾಯುತ್ತದೆ. ಎರಡೂ ‘ಮೊದಲು ನೀನು ಕೊಡು’ ಅಂತ ಕೂತರೆ ಮುಗೀತು, ಯಾರೂ ಅಲ್ಲಾಡಲ್ಲ. ಡೆಡ್‌ಲಾಕ್ ಅಂದರೆ ಇದೇ. ಪಾಠದಲ್ಲಿ ಓದಿದ್ದಕ್ಕಿಂತ ಇಲ್ಲಿ ಸಿಕ್ಕಿಹಾಕಿಕೊಂಡಾಗ ಚೆನ್ನಾಗಿ ತಲೆಗೆ ಹತ್ತುತ್ತದೆ.

ಬಿಡಿಸಿದ ಮೇಲೂ ನೆಮ್ಮದಿ ಇಲ್ಲ. ಬೇರೆಯವರ ಉತ್ತರಗಳ ಪಕ್ಕ ನಮ್ಮದನ್ನೂ ಗೇಮ್ ಗ್ರಾಫ್‌ನಲ್ಲಿ ತೋರಿಸುತ್ತದೆ. ಸಾಲು ಕಡಿಮೆ ಮಾಡಿದರೆ ವೇಗ ಹೋಗುತ್ತದೆ, ವೇಗ ಬೇಕಂದರೆ ಸಾಲು ಜಾಸ್ತಿ. ನನಗಂತೂ ಕಡಿಮೆ ಸಾಲೇ ಇಷ್ಟ, ನಿಧಾನವಾದರೂ ಪರವಾಗಿಲ್ಲ.