ಕಿತ್ತಳೆ ಚುಕ್ಕಿಗಳು

ಬೆಂಗಳೂರಿನ ಲ್ಯಾಬಿಗೆ ಸೇರಿ ಎರಡು ತಿಂಗಳಾಗಿತ್ತು. ಅವತ್ತು ಇಲಿಯ ದೇಹದಲ್ಲಿ ಕಸ, ಕ್ರಿಮಿ ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳಿಗೆ ಅಕ್ರಿಡಿನ್ ಆರೆಂಜ್ ಅನ್ನೋ ಬಣ್ಣ ಹಾಕಿ, ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ನಡುವೆ ನ್ಯೂಕ್ಲಿಯಸ್ ಹಸಿರು. ಸುತ್ತ ರಾಗಿ ಚೆಲ್ಲಿದ ಹಾಗೆ ಕಿತ್ತಳೆ ಚುಕ್ಕಿಗಳು. ಸಣ್ಣಗೆ ಓಡಾಡುತ್ತಲೂ ಇದ್ದವು!

"ಅವೇ ಲೈಸೋಸೋಮ್, ಕೋಶ ನುಂಗಿದ್ದನ್ನ ಅರಗಿಸೋ ಚೀಲ. ಒಳಗೆ ಹುಳಿ, ಅದಕ್ಕೇ ಆ ಬಣ್ಣ," ಅಂದರು ನಮ್ಮ ಸೀನಿಯರ್ ಅಕ್ಕ. ಕೋಶದಲ್ಲಿ ಪಿಎಚ್ 7ರ ಆಸುಪಾಸು, ಈ ಚೀಲದೊಳಗೆ 4.5ರಿಂದ 5. ಪಿಯುಸಿಯಲ್ಲಿ ಇದನ್ನೇ, ಒಡೆದರೆ ಕೋಶವನ್ನೇ ಕರಗಿಸುತ್ತದೆ ಅಂತ, 'ಸುಸೈಡಲ್ ಬ್ಯಾಗ್' ಅಂತ ಬಾಯಿಪಾಠ ಮಾಡಿದ್ದೆ.

ಇನ್ನೊಂದು ಪ್ಲೇಟಿಗೆ ಬ್ಯಾಫಿಲೋಮೈಸಿನ್ ಅನ್ನೋ ಔಷಧಿ ಹಾಕಿದೆವು. ಹುಳಿ ತುಂಬುವ ಪಂಪನ್ನು ಅದು ನಿಲ್ಲಿಸುತ್ತದೆ. ಚುಕ್ಕಿಗಳು ಮಂಕಾದವು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಕೋಶಗಳು ಗುಂಡಗಾಗಿ, ಪ್ಲೇಟಿನ ತಳ ಬಿಟ್ಟು ತೇಲುತ್ತಿದ್ದವು. ನನಗೆ ನಿಜವಾಗಿ ಬೇಜಾರಾಯ್ತು. ಕೋಶ ಬೆಳೆಸುವ ದ್ರವದಲ್ಲಿ, ಅಂದರೆ ಮೀಡಿಯಾದಲ್ಲಿ, ಬೇಕಾದಷ್ಟು ಗ್ಲೂಕೋಸ್ ಇತ್ತಲ್ಲ, ಮತ್ತೆ ಯಾಕೆ ಸತ್ತವು?

"ನಿಮ್ಮನೇಲಿ ರುಬ್ಬೋ ಕಲ್ಲು ಇತ್ತಾ?" ಅಕ್ಕ ಕೇಳಿದರು. "ರುಬ್ಬಿದ ಹಿಟ್ಟು ಬಳಿದು ತೆಗೀದೇ ಅಕ್ಕಿ ಸುರೀತಾ ಹೋದ್ರೆ?"

"ಗುಂಡು ತಿರುಗಲ್ಲ. ಹಿಟ್ಟೆಲ್ಲ ಹೊರಗೆ ಚೆಲ್ಲುತ್ತೆ."

"ಲೈಸೋಸೋಮಲ್ಲೂ ಅಷ್ಟೇ."

ನಮ್ಮ ಮೂಳೆಮಜ್ಜೆಯಲ್ಲಿ ಹುಟ್ಟುವ ಪ್ರತಿ ಕೆಂಪು ರಕ್ತಕಣವೂ ತನ್ನ ನ್ಯೂಕ್ಲಿಯಸ್ಸನ್ನು ಹೊರಗೆ ಹಾಕುತ್ತದೆ. ಅದನ್ನು ನುಂಗುವುದು ಮ್ಯಾಕ್ರೋಫೇಜ್. ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕಣಗಳು ಹುಟ್ಟುತ್ತವೆ ಅಂದರೆ ಆ ಕೆಲಸ ಎಷ್ಟಿರಬೇಡ! ನುಂಗಿದ ಡಿಎನ್‌ಎ ಲೈಸೋಸೋಮಿನಲ್ಲಿ ಕತ್ತರಿಸಿ ಕತ್ತರಿಸಿ ನ್ಯೂಕ್ಲಿಯೋಸೈಡ್ ಅನ್ನೋ ಸಣ್ಣ ಚೂರಾಗುತ್ತದೆ. ಅದು ತಾನಾಗಿ ಪೊರೆ ದಾಟಲಾರದು. ಇಎನ್‌ಟಿ3 ಅನ್ನೋ ಪ್ರೋಟೀನ್ ಬಾಗಿಲು ತೆಗೆದು ಹೊರಗೆ ಬಿಡಬೇಕು. ಆಮೇಲೆ ಕೋಶ ಅದನ್ನು ಮತ್ತೆ ಬಳಸಿಕೊಳ್ಳುತ್ತದೆ. ರುಬ್ಬುವ ಎನ್‌ಜೈಮ್‌ಗಳಿಗೂ ಹುಳಿ ಬೇಕು, ಈ ಬಾಗಿಲಿಗೂ ಬೇಕು. ನಮ್ಮ ಪ್ಲೇಟಿನಲ್ಲಿ ಎರಡೂ ಕೈಕೊಟ್ಟಿದ್ದವು.

ಇಎನ್‌ಟಿ3 ಇಲ್ಲದ ಇಲಿಗಳಲ್ಲಿ ರೋಗದ ವಿರುದ್ಧ ಹೋರಾಡುವ ಟಿ ಕೋಶಗಳೂ ಹೆಚ್ಚು ಬಾಳುವುದಿಲ್ಲವಂತೆ. ಅಡೆನೋಸಿನ್ ಅನ್ನೋ ನ್ಯೂಕ್ಲಿಯೋಸೈಡ್ ಲೈಸೋಸೋಮಿನ ಒಳಗೇ ಕೂಡಿಬಿಡುತ್ತದೆ. ಮನುಷ್ಯರಲ್ಲಿ ಇದರ ಜೀನ್ ಕೆಟ್ಟರೆ ಎಚ್ ಸಿಂಡ್ರೋಮ್ ಬರುತ್ತದೆ. ಚರ್ಮ ಕಪ್ಪಾಗಿ ಗಡುಸಾಗುತ್ತದೆ, ಕಿವಿಯೂ ಮಂದವಾಗಬಹುದು. ಒಂದು ಪುಟ್ಟ ಬಾಗಿಲು ಮುಚ್ಚಿಕೊಂಡಿದ್ದಕ್ಕೆ ಇಷ್ಟು ಕಷ್ಟ ಅಂತ ಓದಿದಾಗ ಕರುಳು ಚುರುಕ್ ಅಂದಿತ್ತು.

ಆ 'ಸುಸೈಡಲ್ ಬ್ಯಾಗ್' ಹೆಸರು ನನಗೆ ಈಗ ಸ್ವಲ್ಪವೂ ಒಪ್ಪಿಗೆಯಾಗಲ್ಲ. ಔಷಧಿ ಹಾಕದ ಪ್ಲೇಟನ್ನು ಮತ್ತೊಮ್ಮೆ ನೋಡಿದೆ. ಕೋಶಗಳು ತಳಕ್ಕೆ ಅಂಟಿಕೊಂಡು, ಕಾಲು ಚಾಚಿ ಕೂತಿದ್ದವು. ಹೊಸ ಮೀಡಿಯಾ ಹಾಕಿ, 37 ಡಿಗ್ರಿಯ ಇನ್‌ಕ್ಯುಬೇಟರಿಗೆ ಮೆಲ್ಲಗೆ ಸೇರಿಸಿದೆ.