ಮಳೆಗಾಲದ ತೋಡು ನೋಡದೆ ಟರ್ಬೈನ್ ಕೂರಿಸಬೇಡಿ

ಕಾಫಿ ತೋಟಗಳಲ್ಲಿ ಸಣ್ಣ ಟರ್ಬೈನ್ ಕೂರಿಸುವುದು ನನ್ನ ಕೆಲಸ. ಕೊಡಗಿನ ಗಾಳಿಬೀಡು, ಕಕ್ಕಬೆ, ಭಾಗಮಂಡಲದ ಕಡೆ ತೋಡಿನ, ಅಂದರೆ ಸಣ್ಣ ಹಳ್ಳದ, ನೀರನ್ನು ಪೈಪಿನಲ್ಲಿ ಇಳಿಸಿ ಮನೆ ಮಟ್ಟಿಗೆ ಕರೆಂಟ್ ತೆಗೆಯುತ್ತೇವೆ. ಲೆಕ್ಕ ಸುಲಭ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಇಳಿದರೆ ಅದರಲ್ಲಿ ಸುಮಾರು 2 ಕಿಲೋವ್ಯಾಟ್ ಇರುತ್ತದೆ. ಪೈಪು, ಟರ್ಬೈನ್, ಜನರೇಟರ್ ತಿಂದು ಕೈಗೆ ಸಿಗುವುದು 1 ಕಿಲೋವ್ಯಾಟ್ ಅಂದುಕೊಳ್ಳಿ. ಲೈಟು, ಟಿವಿ, ಫ್ರಿಜ್ ನಡೆಯುತ್ತದೆ.

ಈಚೆಗೆ ತೋಟದ ಹುಡುಗರು ಫೋನಿನಲ್ಲಿ ವಿಡಿಯೊ ತೋರಿಸಿ ಕೇಳುತ್ತಾರೆ: "ಅಣ್ಣಾ, ಈ ತೋಡಿನಲ್ಲೇ ಇಷ್ಟು ಬಂದ್ರೆ ಸಮುದ್ರದ ಅಲೆಯಲ್ಲಿ ಎಷ್ಟು ಬರಬೇಡ?" ಬರುತ್ತದೆ. ಪಕ್ಕದ ಕೇರಳದ ವಿಳಿಂಜಂನಲ್ಲಿ ಮದ್ರಾಸ್ ಐಐಟಿಯವರು 1991ರಲ್ಲೇ 150 ಕಿಲೋವ್ಯಾಟ್‌ನ ಘಟಕ ಕಟ್ಟಿದ್ದರು. ಸಮುದ್ರದೊಳಗೆ ಒಂದು ಕಾಂಕ್ರೀಟ್ ಕೋಣೆ, ನೀರಿನ ಕೆಳಗೆ ಅದರ ಬಾಯಿ. ಅಲೆ ಬಂದಾಗ ಒಳಗಿನ ನೀರು ಏರಿ ಗಾಳಿಯನ್ನು ಮೇಲಿನ ಕಿಂಡಿಯಿಂದ ಹೊರಗೆ ನೂಕುತ್ತದೆ. ಅಲೆ ಇಳಿದಾಗ ಗಾಳಿ ವಾಪಸ್ ಒಳಗೆ ನುಗ್ಗುತ್ತದೆ. ಕಿಂಡಿಯಲ್ಲಿರುವ ವೆಲ್ಸ್ ಟರ್ಬೈನ್ ಗಾಳಿ ಯಾವ ಕಡೆಯಿಂದ ಬಂದರೂ ಒಂದೇ ದಿಕ್ಕಿಗೆ ತಿರುಗುತ್ತದೆ. ತೋಡಿನ ನೀರು ಚಿಮ್ಮಿ ತಿರುಗಿಸುವ ನಮ್ಮ ಪೆಲ್ಟನ್ ಚಕ್ರಕ್ಕೆ ಈ ಜಾಣತನ ಇಲ್ಲ, ಬೇಕಾಗಿಯೂ ಇಲ್ಲ ಬಿಡಿ.

ಹಾಗಾದರೆ ಕರಾವಳಿ ತುಂಬಾ ಯಾಕೆ ಇದು ಕಾಣುವುದಿಲ್ಲ? ಅಲೆಯ ಶಕ್ತಿ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. 6 ಸೆಕೆಂಡಿಗೊಮ್ಮೆ ಬರುವ 1 ಮೀಟರ್ ಅಲೆಯಲ್ಲಿ, ಒಂದು ಮೀಟರ್ ಅಗಲಕ್ಕೆ ಸುಮಾರು 3 ಕಿಲೋವ್ಯಾಟ್ ಇರುತ್ತದೆ. ಬಿರುಗಾಳಿಯಲ್ಲಿ ಅಲೆ 8 ಮೀಟರ್ ಎದ್ದು 12 ಸೆಕೆಂಡಿಗೊಮ್ಮೆ ಬಂದರೆ ಅಷ್ಟೇ ಅಗಲಕ್ಕೆ ಸುಮಾರು 380 ಕಿಲೋವ್ಯಾಟ್ ಆಗುತ್ತದೆ. ದಿನದ ಸಂಪಾದನೆ 3ರ ಅಲೆಯಿಂದ, ಕಬ್ಬಿಣ ಸಿಮೆಂಟಿನ ಖರ್ಚು ಮಾತ್ರ 380ರ ಪೆಟ್ಟು ತಡೆಯಲು. ಕಷ್ಟ ಇರುವುದು ಇಲ್ಲೇ. 1995ರಲ್ಲಿ ಸ್ಕಾಟ್ಲೆಂಡಿನ ಡೌನ್‌ರೇ ಬಳಿ ಇಳಿಸಿದ ಆಸ್ಪ್ರೆ ಎಂಬ ಯಂತ್ರ ಕರೆಂಟ್ ಕೊಡುವ ಮೊದಲೇ ಅಲೆಗೆ ಒಡೆದು ಮುಳುಗಿತು. 2008ರಲ್ಲಿ ಪೋರ್ಚುಗಲ್‌ನಲ್ಲಿ ತೇಲಿಬಿಟ್ಟ ಪೆಲಾಮಿಸ್ ಎಂಬ ಕಂಪನಿಯ 3 ಅಲೆ ಯಂತ್ರಗಳು ಕೆಲವೇ ತಿಂಗಳಲ್ಲಿ ಬಂದರಿಗೆ ವಾಪಸ್ ಬಂದವು.

ಬಾಳಿಕೆ ಬಂದದ್ದು ಸ್ಪೇನಿನ ಮುಟ್ರಿಕುವಿನದು. 2011ರಲ್ಲಿ ಶುರುವಾದ 296 ಕಿಲೋವ್ಯಾಟ್ ಘಟಕ. ಅಲೆ ತಡೆಯಲು ಬಂದರಿಗೆ ಹೇಗೂ ಒಂದು ಗೋಡೆ ಬೇಕಿತ್ತು. ಆ ಗೋಡೆಯೊಳಗೇ ಕೋಣೆ ಮಾಡಿ 16 ಟರ್ಬೈನ್ ಇಟ್ಟರು. ಪೆಟ್ಟು ತಿನ್ನುವುದು ಗೋಡೆ, ತಿರುಗುವ ಭಾಗಕ್ಕೆ ತಾಗುವುದು ಬರೀ ಗಾಳಿ.

ನಮ್ಮ ಬೆಟ್ಟದಲ್ಲೂ ನಾನು ಇದನ್ನೇ ಮಾಡುವುದು. ತೋಡಿಗೆ ಅಡ್ಡ ಟರ್ಬೈನ್ ಇಡುವುದಿಲ್ಲ. ಬೇಕಾದಷ್ಟು ನೀರನ್ನು ಪಕ್ಕಕ್ಕೆ ತಿರುಗಿಸಿ ತೊಟ್ಟಿಗೆ ಬಿಡುತ್ತೇನೆ. ಎಲೆ, ಕಡ್ಡಿ ತಡೆಯಲು ಜಾಲರಿ, ಪೈಪಿನ ಬಾಯಿಗೆ ವಾಲ್ವ್. ಮೆಷಿನ್ ಮನೆ ತೋಡಿನಿಂದ ದೂರ, ಎತ್ತರದಲ್ಲಿ. ಅಷ್ಟು ಮೇಲೆ ಇಟ್ಟರೆ ಎರಡು ಮೂರು ಮೀಟರ್ ಎತ್ತರ ದಂಡ ಆಗುತ್ತೆ, ಕರೆಂಟ್ ಕಡಿಮೆ ಬರುತ್ತೆ ಅಂತ ಒಬ್ಬ ತೋಟದ ಯಜಮಾನರು ಜಗಳವಾಡಿದ್ದರು. 2018ರ ಆಗಸ್ಟ್ ಮಳೆಯಲ್ಲಿ ಅವರ ತೋಡು ಕಾಲುದಾರಿಯನ್ನೇ ಕೊಚ್ಚಿಕೊಂಡು ಹೋಯಿತು. ತೊಟ್ಟಿ ಹೋಯಿತು, ಪೈಪೂ ಹೋಯಿತು. ಟರ್ಬೈನ್, ಜನರೇಟರ್ ಉಳಿದವು. ಪೈಪು ಮತ್ತೆ ಎಳೆದ ಮೇಲೆ ಅದೇ ಮೆಷಿನ್ ಓಡುತ್ತಿದೆ.

ಅದಕ್ಕೇ ಹೊಸ ಕೆಲಸ ಬಂದಾಗ ಎಷ್ಟು ವ್ಯಾಟ್ ಬೇಕು ಅಂತ ಮೊದಲು ಕೇಳುವುದಿಲ್ಲ. ಜುಲೈನಲ್ಲಿ ನೀರು ಎಲ್ಲಿವರೆಗೆ ಏರುತ್ತದೆ ಅಂತ ಕೇಳುತ್ತೇನೆ. ಯಜಮಾನರಿಗಿಂತ ತೋಟದ ಕೆಲಸದವರು ಇರುವ ಲೈನ್ ಮನೆಯ ಹಳಬರು ಇದನ್ನು ಸರಿಯಾಗಿ ತೋರಿಸುತ್ತಾರೆ, ಇಂಥ ಮರದ ಬುಡದವರೆಗೆ ಅಂತ.

ಇನ್ನೊಂದು ಮಾತು. ನಮ್ಮ ಪಶ್ಚಿಮ ಕರಾವಳಿಯ ಅಲೆಗೂ ಜೋರು ಇರುವುದು ಮಳೆಗಾಲದಲ್ಲೇ, ಆಮೇಲೆ ಸಪ್ಪೆ. ತೋಡೂ ಅಷ್ಟೇ, ಮಾರ್ಚ್ ಹೊತ್ತಿಗೆ ನೂಲಿನಂತಾಗುತ್ತದೆ. ವರ್ಷವಿಡೀ ಟರ್ಬೈನ್ ಓಡುತ್ತದೆ ಎನ್ನುವವರ ಹತ್ತಿರ ಕೊಟೇಶನ್ ತಗೋಬೇಡಿ. ಬೇಸಿಗೆಗೆ ನಾಲ್ಕು ಸೋಲಾರ್ ಪ್ಯಾನೆಲ್ ಹಾಕಿಸಿ ಅಂತ ನಾನೇ ಹೇಳುತ್ತೇನೆ, ಅದು ನನ್ನ ವ್ಯಾಪಾರ ಅಲ್ಲದಿದ್ದರೂ.